ಹಳೇ ಕೋಡ್ ರಿಪೇರಿಗೂ ಅಂಕ ಕೊಡಿ

ಮಾನ್ಯರೇ,

ಐಟಿ ಕೆಲಸಕ್ಕೆಂದೇ ತಯಾರು ಮಾಡುವ ಸಣ್ಣ ಕಾಲೇಜುಗಳಲ್ಲೂ ಕೋಡನ್ನು ಹಾಳೆಯ ಮೇಲೆ ಬರೆಸಿ ಅಂಕ ಕೊಡುವ ಪದ್ಧತಿ ಇನ್ನೂ ಹೋಗಿಲ್ಲ. ಕೋಡ್‌ನಲ್ಲಿ ಮಾಡಿದ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಬಂದದ್ದು 2005ರಲ್ಲಿ. ಆದರೂ ಎಷ್ಟೋ ವಿದ್ಯಾರ್ಥಿಗಳು ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ಫೋಲ್ಡರ್ ಮಾಡಿಕೊಂಡೇ ಪ್ರಾಜೆಕ್ಟ್ ಮುಗಿಸುತ್ತಾರೆ (ನಾನೂ ಹಾಗೇ ಮುಗಿಸಿದವನು). ಕೆಲಸಕ್ಕೆ ಸೇರಿದ ಮೇಲೆ ಹೊಸದಾಗಿ ಬರೆಯುವುದಕ್ಕಿಂತ, ಯಾರೋ ಬರೆದು ಬಿಟ್ಟುಹೋದ ಕೋಡ್ ಓದಿ, ಲಾಗ್ ಫೈಲ್ (ಪ್ರೋಗ್ರಾಂ ಓಡುವಾಗ ಏನೇನಾಯಿತು ಎಂಬ ದಾಖಲೆ) ಕೆದಕಿ, ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕುವುದೇ ಜಾಸ್ತಿ ಅಲ್ವಾ? ತರಗತಿಯಲ್ಲಿ ಅದರ ಸುದ್ದಿಯೇ ಅಪರೂಪ. ಕಡಿಮೆ ಜನರಿರುವ ಕಾಲೇಜಿಗೆ ಇದನ್ನು ಕಲಿಸುವುದು ಕಷ್ಟವೇನಲ್ಲ. ಪ್ರತಿ ವರ್ಷ ಸುಮ್ನೆ ಹೊಸ ಪ್ರಾಜೆಕ್ಟ್ ಶುರು ಮಾಡಿಸುವ ಬದಲು, ಹಿಂದಿನ ಬ್ಯಾಚ್ ಮಾಡಿದ್ದನ್ನೇ ಮುಂದಿನವರ ಕೈಗೆ ಕೊಟ್ಟು ರಿಪೇರಿ ಮಾಡಿಸಲಿ, ಅಂಕವನ್ನೂ ಅದಕ್ಕೇ ಕೊಡಲಿ.

– ಒಬ್ಬ ಓದುಗ