ನಿನ್ನ ಸ್ಫಿಂಕ್ಸ್‌ಗೆ ಒಗಟು ಬೇಡ, ಮಗಳೇ

ಪ್ರೀತಿಯ ಪುಟ್ಟಿ,

ಗೆಳೆಯರಿಗಾಗಿ ನೀನು ನಡೆಸುವ ಕಥೆಯಾಟಕ್ಕೆ ಬರೆದು ಕಳಿಸಿದ ನಕ್ಷೆ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬತ್ತಿದ ನದಿ, ಅದರಾಚೆ ಮರಳುಗಾಡು, ಮರಳು ಮುಗಿಯುವಲ್ಲಿ ಒಂದು ಗುಹೆ. ಗುಹೆಯೊಳಗೆ ಮಳೆಯ ದೇವತೆ ಬಚ್ಚಿಟ್ಟ ಕೊಡ, ಬಾಗಿಲಲ್ಲಿ ಕಾವಲಿಗೆ ಸ್ಫಿಂಕ್ಸ್, ಸಿಂಹದ ಮೈಯ ಆ ಪುರಾಣದ ಜೀವಿ. ಪಕ್ಕದಲ್ಲಿ ನಿನ್ನ ಅಕ್ಷರ: ‘ಅಪ್ಪಾ, ಇಲ್ಲಿಗೊಂದು ಒಳ್ಳೇ ಒಗಟು ಬೇಕು.’

ಚಿಕ್ಕವಳಿದ್ದಾಗ ಒಗಟು ಹೇಳದೆ ನಿದ್ದೆಗೇ ಜಾರದಿದ್ದವಳು ನೀನು. ಆ ಹುರುಪಿನಲ್ಲೇ ಬರೆಯಲು ಕೂತೆ. ನಾಲ್ಕು ಬರೆದೆ, ನಾಲ್ಕನ್ನೂ ಹರಿದುಹಾಕಿದೆ. ಒಗಟುಗಳು ಚೆನ್ನಾಗಿಯೇ ಇದ್ದವು. ಆದರೆ ಯಾವುದನ್ನು ಇಟ್ಟರೂ ನಿನ್ನ ಸ್ಫಿಂಕ್ಸ್ ಬರೀ ಬೀಗವಾಗಿಬಿಡುತ್ತಿತ್ತು. ಉತ್ತರ ಗೊತ್ತಿದ್ದವರ ಕೈಲಿ ಕೀಲಿಕೈ, ಮುಗಿಯಿತು. ಲೋಕದ ಮಳೆಯನ್ನೆಲ್ಲ ಒಂದು ಕೊಡದಲ್ಲಿಟ್ಟ ದೇವತೆ ಅದನ್ನು ಬೀಗವೊಂದಕ್ಕೆ ಒಪ್ಪಿಸಿ ಹೋದಳು ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಒಗಟು ಕೇಳುವ ಸ್ಫಿಂಕ್ಸ್ ಗ್ರೀಕರದು, ಥೀಬ್ಸ್ ಪಟ್ಟಣದ ಕಥೆಯದು. ಹೆಣ್ಣಿನ ಮುಖ, ಸಿಂಹದ ಮೈ, ಹಕ್ಕಿಯ ರೆಕ್ಕೆ. ದನಿ ಒಂದೇ, ಕಾಲು ಮಾತ್ರ ಮೊದಲು ನಾಲ್ಕು, ಆಮೇಲೆ ಎರಡು, ಕೊನೆಗೆ ಮೂರು, ಯಾರದು ಅಂತ ಕೇಳುತ್ತಿದ್ದಳು. ತಪ್ಪು ಹೇಳಿದವರನ್ನು ತಿನ್ನುತ್ತಿದ್ದಳು. ಈಡಿಪಸ್ ಎಂಬವನು ಬಂದು ‘ಮನುಷ್ಯ’ ಅಂದ ಕೂಡಲೇ ಮೇಲಿನಿಂದ ಹಾರಿ ಸತ್ತಳು. ಆದರೆ ಅವಳ ಬೆನ್ನ ಹಿಂದೆ ಯಾವ ನಿಧಿಯೂ ಇರಲಿಲ್ಲ ಕಣೇ. ಗ್ರೀಕರ ಹೇರಾ ದೇವಿ ಕಳಿಸಿದ ಪೀಡೆ ಅವಳು ಅನ್ನುತ್ತದೆ ಆ ಕಥೆಯ ಒಂದು ರೂಪ. ಊರನ್ನು ಕಾಡಲು ಬಂದವಳನ್ನು ತಂದು ಕಾವಲಿಗೆ ಕೂರಿಸಿದರೆ ಅವಳು ಅಲ್ಲೂ ಕಾಡುತ್ತಾಳೆ, ಕಾಯುವುದಿಲ್ಲ.

ಕಾಯುವ ಸ್ಫಿಂಕ್ಸ್ ಬೇಕಿದ್ದರೆ ಈಜಿಪ್ಟಿಗೇ ಹೋಗಬೇಕು. ಕಾರ್ನಾಕ್‌ನ ದೇವಾಲಯದ ಮುಂದೆ ಟಗರಿನ ತಲೆಯವು ದಾರಿಯ ಎರಡೂ ಬದಿಗೆ ಸಾಲಾಗಿ ಕೂತಿವೆ. ಗೀಜಾದ್ದಂತೂ ನಿನಗೆ ಗೊತ್ತೇ ಇದೆ. ಸುಮಾರು 73 ಮೀಟರ್ ಉದ್ದ, 20 ಮೀಟರ್ ಎತ್ತರ. ಕ್ರಿ.ಪೂ. 2500ರ ಆಸುಪಾಸಿನಲ್ಲಿ, ಅಲ್ಲೇ ಇದ್ದ ಸುಣ್ಣಕಲ್ಲಿನ ಬಂಡೆಯನ್ನು ಕಡಿದು ಮಾಡಿದ್ದು. ರೆಕ್ಕೆಯಿಲ್ಲ, ಒಗಟೂ ಇಲ್ಲ.

ಅದರ ಮುಂಗಾಲುಗಳ ನಡುವೆ ಒಂದು ಗ್ರಾನೈಟ್ ಶಾಸನ ನಿಂತಿದೆ. ನಿನ್ನ ಕಥೆಗೆ ಬೇಕಾದ್ದು ಅದರಲ್ಲಿದೆ. ಕ್ರಿ.ಪೂ. 1400ರ ಸುಮಾರಿಗೆ, ಅಂದರೆ ಆ ಮೂರ್ತಿಗೆ ಆಗಲೇ ಸಾವಿರ ವರ್ಷ ದಾಟಿತ್ತು, ಒಬ್ಬ ರಾಜಕುಮಾರ ನಡುಮಧ್ಯಾಹ್ನ ಅದರ ನೆರಳಲ್ಲಿ ಮಲಗಿದ. ಕನಸಿನಲ್ಲಿ ಅದು ಅಪ್ಪ ಮಗನೊಡನೆ ಮಾತಾಡುವ ಹಾಗೆ ಮಾತಾಡಿತು. ಮರಳು ನನ್ನ ಮೇಲೆ ಏರುತ್ತಿದೆ, ನನ್ನನ್ನು ನೋಡಿಕೋ, ರಾಜ್ಯ ನಿನಗೆ ಕೊಡುತ್ತೇನೆ ಅಂದಿತು. ಆ ಹುಡುಗ ಮುಂದೆ ನಾಲ್ಕನೇ ಥುಟ್ಮೋಸ್ ಆಗಿ ಪಟ್ಟಕ್ಕೆ ಬಂದ, ಈ ಶಾಸನ ನಿಲ್ಲಿಸಿದ. ಪಟ್ಟಕ್ಕೆ ಬಂದದ್ದನ್ನು ಸಮರ್ಥಿಸಿಕೊಳ್ಳಲು ಬರೆಸಿದ್ದು ಅನ್ನುವವರಿದ್ದಾರೆ. ಇರಬಹುದು. ನನಗೆ ಮುಖ್ಯವಾದದ್ದು ಬೇರೆ. ಅಷ್ಟು ದೊಡ್ಡ ಜೀವ, ದೇವರೇ ಆದ ಜೀವ, ದಾರಿಹೋಕ ಹುಡುಗನೊಬ್ಬನ ಹತ್ತಿರ ಸಹಾಯ ಕೇಳಿತಲ್ಲ! ಇದನ್ನು ಓದಿದಾಗಲೇ ಆ ನಾಲ್ಕು ಒಗಟಿನ ಹಾಳೆ ಹರಿದದ್ದು.

ಈಗ ನಿನ್ನ ಬಾಗಿಲಿಗೆ ಬರೋಣ. ನಿನ್ನ ಸ್ಫಿಂಕ್ಸ್ ಮಳೆಯನ್ನು ಕಾಯುತ್ತಿದೆ, ಕೂತಿರುವುದು ಮರಳಲ್ಲಿ. ಎಷ್ಟು ಕಾಲದಿಂದ ಅದರ ಮೈಮೇಲೆ ಒಂದು ಹನಿ ಬಿದ್ದಿಲ್ಲ? ಕೊಡ ಕೈಗೆಟುಕುವಷ್ಟು ಹತ್ತಿರ, ಆದರೂ ಮುಟ್ಟಿಲ್ಲ. ನನ್ನ ಪಾಲಿಗೆ ಅದರ ದೈವತ್ವ ಇರುವುದು ಇಲ್ಲೇ, ರೆಕ್ಕೆಯಲ್ಲೂ ಅಲ್ಲ, ಪಂಜದಲ್ಲೂ ಅಲ್ಲ. ನಿನ್ನ ಗೆಳೆಯರ ಪಾತ್ರಗಳು ಮರಳು ದಾಟಿ ಬರುವಾಗ ಅವರ ಚರ್ಮದ ಚೀಲದಲ್ಲಿ ನಾಲ್ಕು ಗುಟುಕು ನೀರು ಮಾತ್ರ ಉಳಿದಿರಲಿ. ಆಗ ಸ್ಫಿಂಕ್ಸ್ ಒಂದೇ ಮಾತು ಕೇಳಲಿ: ‘ಕುಡಿಯಲು ನೀರಿದೆಯಾ?’

ಇದು ಪರೀಕ್ಷೆ ಅಂತ ಆಟ ನಡೆಸುವ ನೀನು ಬಾಯಿ ಬಿಡಬೇಡ. ಮುಖದಲ್ಲೂ ತೋರಿಸಬೇಡ. ಅವರು ಒಗಟಿಗೆ ಕಾಯುತ್ತಿರುತ್ತಾರೆ, ಈ ಪ್ರಶ್ನೆಯಲ್ಲೂ ಒಳಾರ್ಥ ಹುಡುಕುತ್ತಾರೆ, ತಮ್ಮತಮ್ಮಲ್ಲೇ ವಾದಿಸುತ್ತಾರೆ. ವಾದಿಸಲಿ. ಅದಕ್ಕೆ ನಿಜವಾಗಿಯೂ ಬಾಯಾರಿದೆ ಅಂತ ಯಾರಿಗೆ ಹೊಳೆಯುತ್ತದೋ ನೋಡು.

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರಗಳಾಗಿ ಕಥೆ ಕಟ್ಟುವ ಆಟದಲ್ಲಿ ಸೋತವರ ಎಲುಬುಗಳು ಸ್ಫಿಂಕ್ಸ್‌ನ ಸುತ್ತ ಹರಡಿರುತ್ತವೆ ಅಂತ ನೀನೇ ಹೇಳಿದ್ದೆ. ಎಲುಬು ಬೇಡಮ್ಮ. ಅದೇ ಆಟದಲ್ಲಿ ಇನ್ನೊಂದು ಚೆಂದದ ಶಕ್ತಿ ಇದೆಯಲ್ಲ, ತನ್ನ ನೆಲೆಯೊಳಗೆ ಕಾಲದ ಹರಿವನ್ನೇ ತಿರುಗಿಸುವುದು, ಒಳಬಂದವರನ್ನು ಹತ್ತು ವರ್ಷದವರೆಗೂ ಆಚೀಚೆ ಸರಿಸುವುದು? ನೀರು ಕೊಡದವರು ಹಾಗೇ ಬರಿಗೈಲಿ ಹೊರಗೆ ಬರಲಿ. ಬಂದು ನೋಡಿದರೆ ಹತ್ತು ವರ್ಷ ಕಳೆದಿರಲಿ, ನದಿ ಇನ್ನೂ ಬತ್ತಿಯೇ ಇರಲಿ. ಅವರು ಮತ್ತೊಮ್ಮೆ ಬರಲೂಬಹುದು, ಆ ದಾರಿ ಮುಚ್ಚಬೇಡ. ಆ ಆಟದ ಸ್ಫಿಂಕ್ಸ್ ಮೂರು ಬಾರಿ ಘರ್ಜಿಸುತ್ತದಲ್ಲ, ಆ ಘರ್ಜನೆಯನ್ನು ಮಾತ್ರ ಇಟ್ಟುಕೋ, ಕೊಡ ಕಸಿಯಲು ನುಗ್ಗಿದವರಿಗೆ.

ಇನ್ನೊಂದು ಕೋರಿಕೆ, ಇದರಲ್ಲಿ ಹಟ ಮಾಡುತ್ತೇನೆ. ಕೊಡ ಕೈ ದಾಟಿದ ಮೇಲೆ ನಿನ್ನ ಸ್ಫಿಂಕ್ಸ್ ಸಾಯಬಾರದು. ಥೀಬ್ಸ್‌ನವಳು ಸತ್ತದ್ದು ಓದಿ ಎಷ್ಟೋ ವರ್ಷ ನನಗೆ ಸಂಕಟವಾಗಿತ್ತು. ಕೇಳಿದ್ದಕ್ಕೆ ಉತ್ತರ ಸಿಕ್ಕಿದ್ದೇ ತಪ್ಪಾಯಿತೇ? ಮೊದಲ ಮಳೆ ಸುರಿಯುವಾಗ ನಿನ್ನದು ಅಲ್ಲೇ ಇರಲಿ. ಮೈಮೇಲಿನ ಮರಳು ಕರಗಿ ಇಳಿಯಲಿ, ಅದರ ಬಣ್ಣ ಯಾವುದು ಅಂತ ಎಲ್ಲರಿಗೂ ಆಗ ಕಾಣಲಿ. ಬಣ್ಣ ನೀನೇ ಆರಿಸು.

ಆಮೇಲೆ ಅದು ಎದ್ದು ನಿಲ್ಲುತ್ತದೆ. ಕಾಯಲು ಇನ್ನೇನೂ ಇಲ್ಲ, ಕಾಲು ಜೋಮು ಹಿಡಿದಿದೆ. ಮೊದಲ ಹೆಜ್ಜೆ ಯಾವ ಕಡೆಗೆ ಇಡುತ್ತದೆ, ಪುಟ್ಟಿ? ನಕ್ಷೆಯಲ್ಲಿ ಗುಹೆಯ ಆಚೆಗೆ ನೀನೇನೂ ಬರೆದಿಲ್ಲ. ಅಲ್ಲೇನಿದೆ ಅಂತ ಬರೆದು ಕಳಿಸು.

ನಿನ್ನ
ಅಪ್ಪ