ಮಗಳಿಗೊಂದು ಪತ್ರ: ನಾಗರಹೊಳೆಯಲ್ಲಿ ಯಾವ ಕಡೆ ಹೋಗ್ತೀಯ?

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದಗಳು. ಏಪ್ರಿಲ್ ರಜೆಯಲ್ಲಿ ಮೂರು ದಿನ ಸಿಗುತ್ತೆ, ನಾಗರಹೊಳೆ ಕಾಡಿನ ಸುತ್ತಮುತ್ತಲ ಕಬಿನಿ, ಕುಟ್ಟ, ಇರ್ಪು ಮೂರನ್ನೂ ಮುಗಿಸಬಹುದಾ ಅಂತ ಕೇಳಿದ್ದೀಯ. ಮುಗಿಸಬಹುದು, ಆದರೆ ಕಾಡಿನಲ್ಲಿ ಇರೋ ಹೊತ್ತಿಗಿಂತ ಕಾರಿನಲ್ಲಿ ಕೂತಿರೋ ಹೊತ್ತೇ ಹೆಚ್ಚಾಗುತ್ತೆ. ಈ ಸಲ ಕಬಿನಿ ಕಡೆ ಮಾತ್ರ ಇಟ್ಟುಕೋ, ಎರಡು ರಾತ್ರಿ ಒಂದೇ ಜಾಗದಲ್ಲಿ ಇರಿ. ಯಾಕೆ ಅಂತ ಬಿಡಿಸಿ ಬರೆದಿದ್ದೀನಿ, ಅಳಿಯಂದಿರಿಗೂ ಓದಿ ಹೇಳು.

ನಾಗರಹೊಳೆ ರಾಷ್ಟ್ರೀಯ ಉದ್ಯಾನ 643 ಚದರ ಕಿಲೋಮೀಟರ್ ಇದೆ, ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಅಷ್ಟೂ ನಮಗೆ ತೆರೆದಿಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ಒಳಕಾಡಿನಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಿಡಬಾರದು ಅಂತ 2012ರಲ್ಲೇ ನಿಯಮ ಆಗಿದೆ. ಹಾಗಾಗಿ ಯಾವ ಭಾಗ ನೋಡೋದು ಅನ್ನೋ ಪ್ರಶ್ನೆ ಕೊನೆಗೆ ಯಾವ ಬಾಗಿಲಿಂದ ಒಳಗೆ ಹೋಗೋದು ಅನ್ನೋದಕ್ಕೆ ಬಂದು ನಿಲ್ಲುತ್ತೆ. ಆಗ್ನೇಯಕ್ಕೆ ಕಬಿನಿ ಹಿನ್ನೀರಿನ ದಮ್ಮನಕಟ್ಟೆ, ಇದನ್ನು ಕಾಕನಕೋಟೆ ಸಫಾರಿ ಅಂತಲೂ ಕರೀತಾರೆ. ಹುಣಸೂರು ಕಡೆಯಿಂದ ವೀರನಹೊಸಹಳ್ಳಿ. ಕೊಡಗಿನ ಕಡೆಯಿಂದ, ಕುಟ್ಟದ ಹತ್ತಿರ ನಾಣಚ್ಚಿ.

ನಕ್ಷೆ ನೋಡಿದವರೆಲ್ಲ ಎಡವೋದು ಇಲ್ಲೇ. ದಮ್ಮನಕಟ್ಟೆಗೂ ನಾಣಚ್ಚಿಗೂ ನಡುವೆ ಬೆರಳಗಲ ಹಸಿರು ಕಾಣುತ್ತೆ, ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ ಅಂದುಕೊಳ್ತಾರೆ. ಆ ಹಸಿರಿನ ನಡುವೆ ನಮ್ಮ ಕಾರು ಹೋಗೋ ದಾರಿ ಇಲ್ಲ. ಒಂದೋ ಹಿಂದಕ್ಕೆ ಬಂದು ಹುಣಸೂರಿನ ಮೇಲೆ ಹೋಗಬೇಕು, ಇಲ್ಲವೇ ಬಳ್ಳೆ, ಬಾವಲಿ ದಾಟಿ ಕೇರಳಕ್ಕೆ ಇಳಿದು, ಕಾಟ್ಟಿಕುಳಂ, ತೋಲ್ಪೆಟ್ಟಿ ಮೇಲೆ ಮತ್ತೆ ಕರ್ನಾಟಕಕ್ಕೆ ಬಂದು ಕುಟ್ಟ ಸೇರಬೇಕು. ಕಾಡಿನ ರಸ್ತೆಯಲ್ಲಿ ವೇಗ ಮಿತಿ ಇದೆ, ಉಬ್ಬುಗಳೂ ಇವೆ, ಎರಡು ಗಂಟೆ ಇಟ್ಟುಕೊಳ್ಳಲೇಬೇಕು. ಆ ಎರಡು ಗಂಟೆಯ ಜೊತೆ ರೂಮು ಖಾಲಿ ಮಾಡೋದು, ಮತ್ತೊಂದು ಕಡೆ ಸಾಮಾನು ಇಳಿಸೋದು ಸೇರಿದರೆ ಒಂದು ಸಫಾರಿ ಕೈತಪ್ಪಿ ಹೋಯಿತು ಅಂತಲೇ ಲೆಕ್ಕ.

ಈಗ ಏಪ್ರಿಲ್‌ನ ವಿಷಯ. ನಾನು ಕಬಿನಿ ಅಂತ ಹಟ ಹಿಡಿಯೋದಕ್ಕೆ ಮುಖ್ಯ ಕಾರಣ ಇದೇ. ಬೀಚನಹಳ್ಳಿ ಹತ್ತಿರ ಕಬಿನಿಗೆ ಅಣೆಕಟ್ಟು ಆಗಿದ್ದು 1974ರಲ್ಲಿ, ಹಳೆಯ ಕಾಕನಕೋಟೆಯ ಬಹುಭಾಗ ಆ ನೀರಿನಲ್ಲೇ ಮುಳುಗಿತು. ಮಳೆಗಾಲದಲ್ಲಿ ತುಂಬುವ ನೀರು ಬೇಸಿಗೆ ಹತ್ತಿರ ಬಂದ ಹಾಗೆ ಹಿಂದೆ ಸರಿಯುತ್ತೆ. ಸರಿದ ಜಾಗದ ಮಣ್ಣಿನಲ್ಲಿ ತೇವ ಇರುತ್ತೆ, ಅಲ್ಲಿ ಎಳೆ ಹುಲ್ಲು ಚಿಗುರುತ್ತೆ. ಅದೇ ಹೊತ್ತಿಗೆ ಒಳಕಾಡಿನಲ್ಲಿ ಹುಲ್ಲು ಒಣಗಿ, ಕೆರೆಕಟ್ಟೆ ಬತ್ತಿರುತ್ತೆ. ನೀರು, ಮೇವು ಎರಡೂ ಒಂದೇ ಕಡೆ ಸಿಗೋದರಿಂದ ನಾಗರಹೊಳೆಯ ಆನೆಗಳೂ ಆಚೆ ದಡದ ಬಂಡೀಪುರದ ಆನೆಗಳೂ ಹಿನ್ನೀರಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗ ಇನ್ನೊಂದು ಸಿಗೋದು ಕಷ್ಟ. ಮಳೆಗಾಲದಲ್ಲಿ ಬಂದವರಿಗೆ ಈ ದೃಶ್ಯ ಇಲ್ಲ.

ಇದಕ್ಕೊಂದು ಸುಲಭದ ಅಂದಾಜು ಇದೆ. ಜಲಾಶಯ ಪೂರ್ತಿ ತುಂಬಿದಾಗ ಮಟ್ಟ 2284 ಅಡಿ. ಮೈಸೂರಿನ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟ ದಿನಾ ಬರುತ್ತೆ, ಹೊರಡುವ ವಾರ ನೋಡು. ಆ ಅಂಕಿಯಿಂದ ಎಷ್ಟು ಕೆಳಗಿದೆಯೋ ಅಷ್ಟು ದಡ ಹೊರಗೆ ಬಿದ್ದಿದೆ, ಅಷ್ಟು ಹುಲ್ಲು ಇದೆ ಅಂತ ತಿಳಿ. ಆದರೆ ಏಪ್ರಿಲ್‌ನಲ್ಲಿ ನಾಲ್ಕಾರು ದೊಡ್ಡ ಮಳೆ ಬಿದ್ದುಬಿಟ್ಟರೆ ಒಳಕಾಡಿನ ಹೊಂಡಗಳಲ್ಲೂ ನೀರು ನಿಂತು, ಅಲ್ಲೂ ಹುಲ್ಲು ಚಿಗುರಿ, ಪ್ರಾಣಿಗಳು ಚದುರಿಹೋಗುತ್ತವೆ. ಹಾಗಾಗಿ ತಿಂಗಳ ಕೊನೆಗಿಂತ ಮೊದಲ ಎರಡು ವಾರ ಒಳ್ಳೆಯದು. ಶನಿವಾರ, ಭಾನುವಾರ ಬಿಟ್ಟು ಮಂಗಳವಾರ ಹೊರಟರೆ ಇನ್ನೂ ಒಳ್ಳೆಯದು.

ಆನೆ ಹಿಂಡು ಸಿಕ್ಕಿದಾಗ ಫೋಟೋ ತೆಗೆದು ಮುಂದೆ ಹೋಗೋಣ ಅನ್ನಬೇಡಿ. ಹುಲ್ಲು ಮೇಯುವ ಒಂದು ಆನೆಯನ್ನೇ ಹತ್ತು ನಿಮಿಷ ನೋಡಲು ಮಗುವಿಗೆ ಹೇಳಿಕೊಡು. ಕಾಲಿನ ಉಗುರಿನಿಂದ ಹುಲ್ಲಿನ ಬುಡ ಒದ್ದು ಸಡಿಲ ಮಾಡುತ್ತೆ, ಸೊಂಡಿಲಿನಲ್ಲಿ ಕಂತೆ ಸುತ್ತಿ ಕೀಳುತ್ತೆ, ಆಮೇಲೆ ಬೇರನ್ನು ಮುಂಗಾಲಿಗೆ ಪಟಪಟ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತೆ. ಮಣ್ಣು ಸೇರಿದ ಹುಲ್ಲು ಅಗಿದರೆ ಹಲ್ಲು ಬೇಗ ಸವೆಯುತ್ತೆ. ಮರಿಗಳಿಗೆ ಇದು ಇನ್ನೂ ಕೈ ಹತ್ತಿರೋದಿಲ್ಲ, ಅರ್ಧ ಕಂತೆ ನೆಲಕ್ಕೆ ಬೀಳಿಸಿಕೊಳ್ತವೆ. ಆನೆಗಳು ದಡಕ್ಕೆ ಬರೋದು ಬಹುತೇಕ ಬಿಸಿಲಿಳಿದ ಮೇಲೆ, ನಾಲ್ಕು ಗಂಟೆ ಆಚೆಗೆ. ಆದ್ದರಿಂದ ಹಿನ್ನೀರಿಗೆ ಸಂಜೆ, ಒಳಕಾಡಿನ ದಾರಿಗಳಿಗೆ ಬೆಳಿಗ್ಗೆ.

ಹುಲಿ ಕಾಣುತ್ತಾ ಅಂತ ಅಳಿಯಂದಿರು ಕೇಳಿದ್ದಾರಂತೆ. ಕಾಣಬಹುದು. 1980ರ ದಶಕದಿಂದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳನ್ನು ಅಧ್ಯಯನ ಮಾಡಿದ ಕಾಡು ಇದು. ಜಿಂಕೆ, ಕಡವೆ, ಕಾಟಿ (ಕಾಡುಕೋಣ) ಇಲ್ಲಿ ದಂಡಿಯಾಗಿವೆ, ಅದಕ್ಕೇ ಹುಲಿಯೂ ಇದೆ, ಚಿರತೆಯೂ ಇದೆ, ಸೀಳುನಾಯಿಯೂ ಇದೆ. ಬೇಸಿಗೆಯಲ್ಲಿ ತೇಗದ ಎಲೆ ಉದುರಿ ಕಣ್ಣು ದೂರ ಹಾಯುತ್ತೆ, ಸೆಕೆಗೆ ಹುಲಿ ನೀರಿಗೆ ಬಂದು ಕೂರುತ್ತೆ. ಇಷ್ಟಾದರೂ ಯಾರೂ ಖಾತ್ರಿ ಕೊಡಲಾರರು, ಕೊಡ್ತೀವಿ ಅನ್ನೋರ ಮಾತು ನಂಬಬೇಡಿ. ಹೆಚ್ಚಿನವರು ಹುಲಿ ಕಳೆದುಕೊಳ್ಳೋದು ಅವಸರದಿಂದ. ಚಾಲಕರು ಇಂಜಿನ್ ಆಫ್ ಮಾಡಿ ನಿಂತರೆ ಎರಡೇ ನಿಮಿಷಕ್ಕೆ ‘ಇಲ್ಲೇನೂ ಇಲ್ಲ, ಮುಂದೆ ಹೋಗಿ’ ಅಂತ ಹಿಂದಿನ ಸೀಟಿನಿಂದ ಗಲಾಟೆ ಶುರುವಾಗುತ್ತೆ. ಚಾಲಕರು ಸುಮ್ಮನೆ ನಿಂತಿರೋದಿಲ್ಲ, ಪ್ರಾಣಿಗಳ ಎಚ್ಚರಿಕೆಯ ಕೂಗು ಕೇಳಿಸಿಕೊಳ್ತಿರ್ತಾರೆ.

ಆ ಕೂಗುಗಳನ್ನು ನೀವೂ ತಿಳಿದಿರಿ. ಜಿಂಕೆ ಚೂಪಾಗಿ ಒಂದೊಂದೇ ಸಲ ಕೂಗುತ್ತೆ, ಆದರೆ ಅದು ಅಂಜುಬುರುಕ, ಅನುಮಾನಕ್ಕೂ ಕೂಗಿಬಿಡುತ್ತೆ. ಮುಸುವ ಮರದ ತುದಿಯಿಂದ ಖೊಕ್ ಖೊಕ್ ಅಂತ ಕೆಮ್ಮಿದ ಹಾಗೆ ಕೂಗುತ್ತೆ, ಅದಕ್ಕೆ ಮೇಲಿಂದ ಕಾಣೋದರಿಂದ ಅದು ಯಾವ ಕಡೆ ಮುಖ ಮಾಡಿದೆ ನೋಡಬೇಕು. ಕಡವೆ ದೊಡ್ಡ ದನಿಯಲ್ಲಿ ಢಾಂಕ್ ಅಂತ ಬಿಟ್ಟು ಬಿಟ್ಟು ಕೂಗಿದರೆ, ಬಾಲ ಎತ್ತಿ ನಿಂತು ನೆಲಕ್ಕೆ ಕಾಲು ಬಡಿದರೆ, ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇದೆ ಅಂತ ನಂಬಬಹುದು, ಕಡವೆ ಸುಮ್ಮಸುಮ್ಮನೆ ಕೂಗೋದಿಲ್ಲ. ದಾರಿಯ ಧೂಳಿನಲ್ಲಿ ಹೆಜ್ಜೆ ಕಂಡರೆ ಅದು ಟೈರಿನ ಗುರುತಿನ ಮೇಲಿದೆಯೋ ಕೆಳಗಿದೆಯೋ ಮಗುವಿಗೆ ತೋರಿಸು. ಮೇಲಿದ್ದರೆ ಹಿಂದಿನ ವಾಹನ ಹೋದ ಮೇಲೆ ದಾಟಿದ್ದು. ಹುಲಿ, ಚಿರತೆಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳೋದಿಲ್ಲ, ಸೀಳುನಾಯಿಯದರಲ್ಲಿ ಬೀಳುತ್ತೆ.

ಬಸ್ಸೋ ಜೀಪೋ ದೋಣಿಯೋ ಅನ್ನೋದು ನಿಮ್ಮ ಅತ್ತೆಯವರ ಮಂಡಿ ನೋಡಿ ತೀರ್ಮಾನ ಆಗಬೇಕು. ದಮ್ಮನಕಟ್ಟೆಯ ಅರಣ್ಯ ಇಲಾಖೆಯ ಬಸ್ಸು ಖರ್ಚಿಗೆ ಹಗುರ, ಕಿಟಕಿಯಿಂದ ಎತ್ತರದಲ್ಲಿ ಕಾಣುತ್ತೆ, ಆದರೆ ಜನ ಜಾಸ್ತಿ, ಮಾತು ಜಾಸ್ತಿ. ತೆರೆದ ಜೀಪಿನಲ್ಲಿ ಎರಡೂ ಕಡೆ ಕಾಣುತ್ತೆ, ಹತ್ತೋದು ಮಾತ್ರ ವಯಸ್ಸಾದವರಿಗೆ ಕಷ್ಟ, ಧೂಳೂ ನೇರವಾಗಿ ಮುಖಕ್ಕೆ. ಯಾವುದಾದರೂ ಸರಿ, ಅವರನ್ನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಿಸಬೇಡ. ಹೊಂಡ ಬಂದಾಗಲೆಲ್ಲ ಬೆನ್ನಿಗೆ ಏಟು ಬೀಳೋದು ಅಲ್ಲೇ. ಎರಡು ಚಕ್ರಗಳ ನಡುವಿನ ಸಾಲು ಕೇಳು, ಬೆನ್ನಿಗೆ ಒಂದು ಸಣ್ಣ ದಿಂಬು ಇಟ್ಟುಕೋ. ದೋಣಿ ಸಫಾರಿ ಕಾರಾಪುರ ಕಡೆಯಿಂದ, ಮುಖ್ಯವಾಗಿ ಅಲ್ಲಿನ ಜಂಗಲ್ ಲಾಡ್ಜಸ್ ಮತ್ತು ರೆಸಾರ್ಟ್‌ಗಳಲ್ಲಿ ಉಳಿದವರಿಗೆ. ಕುಲುಕಾಟ ಇಲ್ಲದ್ದರಿಂದ ಅತ್ತೆಯವರಿಗೆ ಅದೇ ಸರಿ. ದಡದಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ, ರೆಕ್ಕೆ ಬಿಡಿಸಿ ಒಣಗಿಸುವ ಹಾವಕ್ಕಿ, ನೀರುಕಾಗೆ, ಅದೃಷ್ಟ ಇದ್ದರೆ ನೀರುನಾಯಿಯ ಗುಂಪು ಸಿಗುತ್ತೆ. ನೀರು ತೀರಾ ಇಳಿದ ವರ್ಷ ದೋಣಿ ಹೋಗೋ ದೂರ ಕಡಿಮೆಯಾಗುತ್ತೆ, ಬುಕ್ ಮಾಡುವಾಗಲೇ ಕೇಳಿಬಿಡು.

ನಾನಾಗಿದ್ದರೆ ಹೀಗೆ ಜೋಡಿಸ್ತಿದ್ದೆ. ಬೆಂಗಳೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟು, ಮೈಸೂರು, ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಮೇಲೆ ಹನ್ನೆರಡರೊಳಗೆ ಸೇರೋದು. ಪೆಟ್ರೋಲ್, ದುಡ್ಡು, ಮಾತ್ರೆ ಎಲ್ಲಾ ಕೋಟೆಯಲ್ಲೇ ಮುಗಿಸಿಕೊಳ್ಳಬೇಕು. ಊಟ ಮಾಡಿ ಮೊದಲ ಸಂಜೆ ಬಸ್ಸು ಅಥವಾ ಜೀಪು. ಎರಡನೇ ದಿನ ಬೆಳಿಗ್ಗೆ ಮತ್ತೆ ಅದೇ, ಮಧ್ಯಾಹ್ನ ಎಲ್ಲರೂ ಮಲಗೋದು, ಸಂಜೆ ಎಲ್ಲರೂ ದೋಣಿಗೆ. ಮೂರನೇ ಬೆಳಿಗ್ಗೆ ನೀವಿಬ್ಬರೇ ಹೋಗಿ ಬನ್ನಿ, ಮಗು ಅಜ್ಜಿ ಜೊತೆ ಮಲಗಿರಲಿ. ಸಂಜೆಯ ಸಫಾರಿ ಮೂರರ ಸುಮಾರಿಗೆ ಹೊರಡುತ್ತೆ, ದಾರಿಯಲ್ಲಿ ತಡವಾಯಿತು ಅಂತ ಯಾರೂ ಕಾಯೋದಿಲ್ಲ. ಸಫಾರಿ ಎರಡೂವರೆ, ಮೂರು ಗಂಟೆ ಆಗುತ್ತೆ, ನಡುವೆ ಇಳಿಯೋ ಹಾಗಿಲ್ಲ. ಮಗುವಿಗೆ ಹೊರಡೋ ಮುಂಚೆ ಹಾಲು, ಜ್ಯೂಸ್ ಕೊಡಬೇಡ, ಬಿಸ್ಕತ್ತು, ಎರಡು ಗುಟುಕು ನೀರು ಸಾಕು. ಬಟ್ಟೆ ಮಣ್ಣಿನ ಬಣ್ಣ, ಎಲೆಹಸಿರು ಇರಲಿ, ಸೆಂಟು ಬೇಡ. ಏಪ್ರಿಲ್ ಆದರೂ ಬೆಳಿಗ್ಗೆ ತೆರೆದ ಗಾಡಿಯಲ್ಲಿ ಗಾಳಿ ಹೊಡೆಯುತ್ತೆ, ಕಿವಿ ಮುಚ್ಚೋ ಟೋಪಿ ಇಟ್ಟುಕೋ.

ಬೈನಾಕ್ಯುಲರ್ ಕೊಳ್ಳೋದಾದರೆ 8×42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸೋದು ತಗೋ. ಹತ್ತು ಪಟ್ಟಿನದು ದೊಡ್ಡದಾಗಿ ತೋರಿಸುತ್ತೆ ನಿಜ, ಗಾಡಿಯಲ್ಲಿ ಕೈ ನಡುಗಿ ಏನೂ ನಿಲ್ಲೋದಿಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ಒಳಕಾಡಿನ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಆದ್ದರಿಂದ ಮೊಬೈಲ್ ಫೋಟೋದ ಆಸೆ ಇಟ್ಟುಕೊಳ್ಳಬೇಡಿ. ಉದ್ದ ಲೆನ್ಸಿನ ಕ್ಯಾಮೆರಾ ತಂದರೆ ಬೇರೆ ಶುಲ್ಕ.

ಕುಟ್ಟದ ಕಡೆ ಚೆನ್ನಾಗಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡ. ಕಾಡಿನ ಚೆಲುವಿಗೆ ನನ್ನ ಓಟು ನಾಣಚ್ಚಿಗೇ. ಪಶ್ಚಿಮದ ಈ ಭಾಗದಲ್ಲಿ ಮಳೆ ಹೆಚ್ಚು, ಮತ್ತಿ, ನಂದಿ, ಹೊನ್ನೆ, ಬೀಟೆ ಎತ್ತರಕ್ಕೆ ಬೆಳೆದಿವೆ, ನಡುನಡುವೆ ಹಡ್ಲು ಅನ್ನೋ ಜೌಗಿನ ಹುಲ್ಲುಬಯಲುಗಳಿವೆ. ಕಾಟಿಗಳನ್ನು ನೋಡಬೇಕಾದ್ದು ಆ ಹಡ್ಲಿನಲ್ಲಿ. ಆದರೆ ಕಾಡು ದಟ್ಟ, ಪ್ರಾಣಿ ಹತ್ತು ಹೆಜ್ಜೆ ಒಳಗೆ ಸರಿದರೂ ಕಾಣೋದಿಲ್ಲ, ಮಗುವಿಗೆ ಬೇಸರ ಬರಬಹುದು. ಇರ್ಪು ಜಲಪಾತ ಏಪ್ರಿಲ್‌ನಲ್ಲಿ ಸಣ್ಣಗಾಗಿರುತ್ತೆ, ಮೇಲೆ ಹತ್ತೋ ಮೆಟ್ಟಿಲು ಅತ್ತೆಯವರಿಗೆ ಆಗೋದಿಲ್ಲ. ಜೋರು ಮಳೆಗಾಲದಲ್ಲಿ ಜಿಗಣೆ, ಜಾರಿಕೆ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳಗೆ ನೀವು ಮೂವರೇ ಹೋಗಿ. ಆಗ ಹುಣಸೂರಿನಿಂದ ನಾಗರಹೊಳೆ ಮೇಲೆ ಕುಟ್ಟಕ್ಕೆ ಹೋಗೋ ಕಾಡಿನ ರಸ್ತೆಯೇ ಅರ್ಧ ಪ್ರವಾಸ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಅದು ಬಂದ್, ಕಾಡು ದಾಟಲು ಒಂದು ಗಂಟೆ ಬೇಕಾಗೋದರಿಂದ ನಾಲ್ಕೂವರೆಗೆ ವೀರನಹೊಸಹಳ್ಳಿ ಗೇಟಿನಲ್ಲಿರಬೇಕು. ತಪ್ಪಿದರೆ ಗೋಣಿಕೊಪ್ಪಲು ಮೇಲೆ ಸುತ್ತು. ನಡುವೆ ಇಳಿಯೋದು, ಕೋತಿ ಜಿಂಕೆಗಳಿಗೆ ತಿಂಡಿ ಹಾಕೋದು ಯಾವತ್ತೂ ಬೇಡ.

ವೀರನಹೊಸಹಳ್ಳಿ ಸಫಾರಿ ಮೈಸೂರಿನಿಂದ ಒಂದೇ ದಿನಕ್ಕೆ ಹೋಗಿಬರೋರಿಗೆ ಅನುಕೂಲ, ಈ ಸಲ ನಿಮಗೆ ಬೇಕಿಲ್ಲ.

ಇನ್ನು ಬುಕಿಂಗ್. ರೂಮು ಮೊದಲು ಮಾಡಿ, ಸಫಾರಿ ಆಮೇಲೆ ನೋಡಿಕೊಂಡರಾಯಿತು ಅನ್ನಬೇಡ. ಬೇಸಿಗೆ ರಜೆಯಲ್ಲಿ ರೂಮು ಎಲ್ಲಾದರೂ ಸಿಗುತ್ತೆ, ಸಫಾರಿ ವಾಹನಗಳಿಗೆ ಮಿತಿ ಇದೆ. ಸೀಟು ಖಚಿತವಾದ ಮೇಲೆ ರೂಮು, ಇಲ್ಲವೇ ಸಫಾರಿ ಸೇರಿದ ಪ್ಯಾಕೇಜ್. ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿಯನ್ನೇ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಕಾಡ್ಗಿಚ್ಚು ಎದ್ದರೂ ನಿಲ್ಲಿಸಬಹುದು. ಜನರ ಜೀವ, ಕಾಡಿನ ಜೀವದ ಮುಂದೆ ನಮ್ಮ ರಜೆ ದೊಡ್ಡದಲ್ಲ, ಅದಕ್ಕೆ ಬೇಸರ ಪಡಬೇಡಿ. ಆದರೆ ಹಣ ವಾಪಸ್ ಬರುತ್ತಾ, ದಿನಾಂಕ ಬದಲಿಸಬಹುದಾ ಅಂತ ಕಟ್ಟೋ ಮುಂಚೆ ಬರಹದಲ್ಲಿ ಕೇಳಿ ಇಟ್ಟುಕೋ. ಹೊರಡುವ ಹಿಂದಿನ ದಿನ ಇಲಾಖೆಗೆ ಇನ್ನೊಮ್ಮೆ ಫೋನ್ ಮಾಡಿ ಸಫಾರಿ ನಡೀತಿದೆಯಾ ಅಂತ ವಿಚಾರಿಸು. ಎಲ್ಲರ ಗುರುತಿನ ಚೀಟಿಯ ಮೂಲಪ್ರತಿ ಬ್ಯಾಗಿನಲ್ಲಿರಲಿ, ಮಗುವಿನದೂ ಸೇರಿ.

ದಿನಾಂಕ ಗೊತ್ತಾದ ಕೂಡಲೇ ತಿಳಿಸು. ಮಂಡಿಗೆ ಹಾಕೋ ಪಟ್ಟಿ ಅತ್ತೆಯವರ ಹತ್ತಿರ ಇಲ್ಲದಿದ್ದರೆ ಇಲ್ಲಿಂದ ಕಳಿಸ್ತೀನಿ.

ಇಂತಿ,
ನಿನ್ನ ಅಮ್ಮ