ಒಂದು ಶಾಫ್ಟಿನ ಹಿಂದೆ ಎಷ್ಟು ಜನ?

ಪ್ರೀತಿಯ ಗೆಳೆಯಾ,

ಬೆಂಗಳೂರಿನ ಪೀಣ್ಯದಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಶೆಡ್ಡೊಂದರಲ್ಲಿ ಹೆಚ್ಚೆಂದರೆ ಹತ್ತು ಜನ, ಅದರಿಂದ ಊರಿಗೇನು ಬಂತು ಅಂತ ಕೇಳಿದ್ದೀಯ. ಶೆಡ್ಡಿನೊಳಗೆ ಎಣಿಸಬೇಡ ಕಣೋ, ಗೇಟಿನಲ್ಲಿ ನಿಂತು ಎಣಿಸು.

500 ಶಾಫ್ಟಿನ, ಅಂದರೆ ಯಂತ್ರದೊಳಗೆ ತಿರುಗುವ ದಂಡದ, ಆರ್ಡರ್ ಅಂದುಕೋ. 40 ಮಿ.ಮೀ. ದಪ್ಪದ ಸ್ಟೀಲ್ ಸರಳನ್ನು 300 ಮಿ.ಮೀ.ಗೆ ಕತ್ತರಿಸಿದರೆ ತುಂಡೊಂದು ಸುಮಾರು 3 ಕೆ.ಜಿ.; ಒಟ್ಟು ಒಂದೂವರೆ ಟನ್. ಮುಕ್ಕಾಲು ಟನ್ ಹೊರುವ ಟಾಟಾ ಏಸ್‌ಗೆ ಎರಡು ಟ್ರಿಪ್. ಒಂದೇ ಟ್ರಿಪ್ಪಿಗೆ ತುಂಬುವವರೂ ಇದ್ದಾರೆ, ಆಗ ಗಾಡಿಯ ಸ್ಪ್ರಿಂಗ್ ಪ್ಲೇಟ್ ಕಟ್ಟುವ ಗ್ಯಾರೇಜಿಗೂ ಕೆಲಸ. ಟರ್ನಿಂಗ್ (ತಿರುಗಿಸಿ ಕೆತ್ತುವುದು) ಮುಗಿದ ಮಾಲು ಕಾಯಿಸಿ ಹದ ಮಾಡುವ ಹೀಟ್ ಟ್ರೀಟ್‌ಮೆಂಟಿಗೆ, ಅಲ್ಲಿಂದ ಉಜ್ಜಿ ನಯ ಮಾಡುವ ಗ್ರೈಂಡಿಂಗಿಗೆ. ಪ್ರತಿ ಸಲವೂ ಮತ್ತೆ ಏಸ್, ಮತ್ತೆ ಮಾಲಿನ ಜೊತೆ ಹೋಗುವ ಚೀಟಿ, ಡೆಲಿವರಿ ಚಲನ್. ಹೀಗೆ ನಮ್ಮ ಮಾಲಿಗೆ ಬೇರೆಯವರಿಂದ ಕೆಲಸ ಮಾಡಿಸುವುದೇ ಜಾಬ್ ವರ್ಕ್. ಅದಕ್ಕೆ ತಮಿಳುನಾಡಿನ ಹೊಸೂರಿಗೆ ಕಳಿಸಿದರೆ ರಾಜ್ಯದ ಗಡಿ ದಾಟಿದಂತೆ. ಮಾಲಿನ ಬೆಲೆ 50,000 ರೂಪಾಯಿ ಮುಟ್ಟದಿದ್ದರೂ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿ ಜಾಲತಾಣದಲ್ಲಿ ತೆಗೆಯುವ ಚೀಟಿ, ಬೇಕು. ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಕಳಿಸಿದ ದಿನವೇ ಮಾರಿದ ಲೆಕ್ಕ ಹಿಡಿದು ಜಿಎಸ್‌ಟಿ ಬೀಳುತ್ತದೆ. ಈ ಚಲನ್‌ಗಳನ್ನು ತಾಳೆ ನೋಡುವುದೇ ಒಬ್ಬ ಅಕೌಂಟೆಂಟ್ ಕೆಲಸ. ಅವನೊಬ್ಬನೇ ನಾಲ್ಕೈದು ಶೆಡ್ಡು ನೋಡಿಕೊಳ್ಳಬಹುದು.

ಇನ್ನು ಅಳತೆ. ಡ್ರಾಯಿಂಗಿನಲ್ಲಿ 0.02 ಮಿ.ಮೀ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಇದ್ದು, ಅಳೆಯುವ ಮೈಕ್ರೋಮೀಟರೇ 0.01 ತಪ್ಪು ತೋರಿಸಿದರೆ ಅರ್ಧ ಅಲ್ಲೇ ಹೋಯಿತು. 500 ಪೀಸೂ ರಿಜೆಕ್ಟ್ ಆದಾವು. ಅದಕ್ಕೇ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಳತೆಯ ಸಾಧನಗಳನ್ನೇ ಪರೀಕ್ಷಿಸುವ ಕ್ಯಾಲಿಬ್ರೇಶನ್ ಲ್ಯಾಬು. ಕೆತ್ತುವಾಗ ಬಿಸಿ ತಣಿಸಲು ನೀರಿಗೆ ಬೆರೆಸುವ ಕೂಲೆಂಟ್ ಸಾಮಾನ್ಯವಾಗಿ 5ರಿಂದ 8 ಪರ್ಸೆಂಟ್ ಇರಬೇಕು. ಕಡಿಮೆಯಾದರೆ ತುಕ್ಕು, ಭಾನುವಾರ ನಿಂತು ಕೊಳೆತರೆ ಸೋಮವಾರ ಬೆಳಗ್ಗೆ ಶೆಡ್ಡಿಡೀ ನಾತ. ಅದನ್ನು ನೋಡಿಕೊಳ್ಳಲು ಇನ್ನೊಬ್ಬ. ಮೆಸ್ಸು, ಲಗ್ಗೆರೆಯ ಬಾಡಿಗೆ ಮನೆ, ಚಹಾ ಗಾಡಿ ನಿನಗೆ ಗೊತ್ತೇ ಇದೆ.

ಆದರೆ ಎಣಿಕೆಯಲ್ಲಿ ಮೋಸ ಹೋಗಬೇಡ. ಕಾರ್ಖಾನೆಯವರು ತಮ್ಮ ವಾಚ್‌ಮನ್‌ನನ್ನೇ ಏಜೆನ್ಸಿಗೆ ವಹಿಸಿದರೆ, ನಿನ್ನೆ ತಯಾರಿಕೆಯಲ್ಲಿದ್ದವನು ಇವತ್ತು ಸೇವಾ ವಲಯದವನು. ಗೇಟು ಅದೇ, ಕುರ್ಚಿ ಅದೇ. ಸಂಬಳ ಮಾತ್ರ ಇಳಿದಿರಬಹುದು. ಅದು ಹೊಸ ಕೆಲಸವಲ್ಲ. ಜಾಬ್ ವರ್ಕಂತೂ ಇನ್ನೂ ತಮಾಷೆ: ಬೇರೆಯವರ ಮಾಲನ್ನು ಹದ ಮಾಡಿಕೊಟ್ಟರೆ ಜಿಎಸ್‌ಟಿ ಕಣ್ಣಿಗೆ ಅದು ಸೇವೆ, ಕೈಗಾರಿಕಾ ವರ್ಗೀಕರಣದ ಕಣ್ಣಿಗೆ ತಯಾರಿಕೆ. ಯಾರಾದರೂ ಇಷ್ಟು ಕೆಲಸ ಹುಟ್ಟಿತು ಅಂತ ಅಂಕಿ ತೋರಿಸಿದರೆ, ಯಾವ ಪುಸ್ತಕದ್ದು ಅಂತ ಮೊದಲು ಕೇಳು.

ಆರ್ಡರ್ ನಿಂತರೆ ಮೊದಲು ಪೆಟ್ಟು ಟ್ರಿಪ್ ಲೆಕ್ಕದ ಏಸ್ ಡ್ರೈವರ್‌ಗೆ, ಆಮೇಲೆ ಮೆಸ್ಸಿಗೆ. ಕ್ಯಾಲಿಬ್ರೇಶನ್‌ನವನ ಫೋನು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತದೆ.

ನಿನ್ನ ಗೆಳೆಯ